ನರ್ಸಿಂಗ್ ಓದುವ ಮಗಳು, ಡಿಪ್ಲೊಮಾ ಓದುವ ಮಗ: ಯಾರಿಗೆ ಯಾವ ವಿದೇಶಿ ಭಾಷೆ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆ ಸಮೀಪದ ಹಳ್ಳಿ. ಅಡಿಕೆ ತೋಟವೇ ಜೀವನಾಧಾರ. ಮಗಳು ಶಿವಮೊಗ್ಗದಲ್ಲಿ ಬಿ.ಎಸ್‌ಸಿ. ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದಾಳೆ. ಮಗ ಮೆಕ್ಯಾನಿಕಲ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಾನೆ. ಇಬ್ಬರಿಗೂ ಒಂದು ವಿದೇಶಿ ಭಾಷೆ ಕಲಿಸಬೇಕೆಂದಿದ್ದೇವೆ. ಕೆಲವರು ಜರ್ಮನ್ ಎನ್ನುತ್ತಾರೆ, ಕೆಲವರು ಜಪಾನಿ ಎನ್ನುತ್ತಾರೆ, ಕೆನಡಾದಲ್ಲಿರುವ ನೆಂಟರೊಬ್ಬರು ಫ್ರೆಂಚ್ ಎನ್ನುತ್ತಾರೆ. ಜಪಾನಿ ಅತ್ಯಂತ ಕಷ್ಟದ ಭಾಷೆ ಎಂದು ತೋರಿಸುವ ಪಟ್ಟಿಯೊಂದು ಮಗನಿಗೆ ಮೊಬೈಲಿನಲ್ಲಿ ಸಿಕ್ಕಿದೆ. ಇದರ ನಡುವೆ ತರಬೇತಿ ಸಂಸ್ಥೆಯೊಂದು ಮೂರು ತಿಂಗಳಲ್ಲಿ ಭಾಷೆ ಕಲಿಸಿ ಕೆಲಸವನ್ನೂ ಕೊಡಿಸುತ್ತೇವೆಂದು ಪದೇ ಪದೇ ಫೋನ್ ಮಾಡುತ್ತಿದೆ. ಇಬ್ಬರೂ ಒಂದೇ ಭಾಷೆ ಕಲಿತರೆ ಮನೆಯಲ್ಲಿ ಒಬ್ಬರಿಗೊಬ್ಬರು ಅಭ್ಯಾಸ ಮಾಡಿಸಬಹುದು ಎಂಬುದು ನಮ್ಮ ಯೋಚನೆ. ದಯವಿಟ್ಟು ತಿಳಿಸಿ.

ಉತ್ತರ: ಮಗಳಿಗೆ ಜರ್ಮನ್ ಎಂದು ನಾನು ಹೆಚ್ಚು ಯೋಚಿಸದೆ ಹೇಳಬಲ್ಲೆ. ಮಗನ ವಿಷಯದಲ್ಲಿ ಉತ್ತರ ಅಷ್ಟು ನೇರವಾಗಿಲ್ಲ. ಅವನು ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರುತ್ತಾನೋ, ಇಂಜಿನಿಯರಿಂಗ್ ಓದುತ್ತಾನೋ ಎಂಬುದರ ಮೇಲೆ ಜಪಾನಿ ಅಥವಾ ಜರ್ಮನ್ ಆಗಬೇಕು. ಈ ತೀರ್ಮಾನಕ್ಕೆ ಬಂದ ದಾರಿಯನ್ನು ವಿವರಿಸುವುದು ಅಗತ್ಯ, ಏಕೆಂದರೆ ಯಾವ ಭಾಷೆ ಎಂದು ಕೇಳುವ ಮೊದಲು ಯಾವ ಹಂತದವರೆಗೆ, ಎಷ್ಟು ಕಾಲದಲ್ಲಿ ಎಂದು ಕೇಳಿಕೊಂಡರೆ ಭಾಷೆಯ ಹೆಸರು ಬಹುಮಟ್ಟಿಗೆ ತಾನಾಗಿಯೇ ಹೊರಬೀಳುತ್ತದೆ.

ಯುರೋಪಿನ ಭಾಷೆಗಳ ಕಲಿಕೆಯನ್ನು ಈಗ ಎಲ್ಲೆಡೆ ಆರು ಹಂತಗಳಲ್ಲಿ ಅಳೆಯುತ್ತಾರೆ: ಎ1, ಎ2, ಬಿ1, ಬಿ2, ಸಿ1, ಸಿ2. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಚೌಕಟ್ಟು ಇದು. ಎ1 ಮುಗಿಸಿದವರು ತಮ್ಮ ಪರಿಚಯ ಹೇಳಿಕೊಂಡು ಅಂಗಡಿಯಲ್ಲಿ ಬೆಲೆ ಕೇಳಬಲ್ಲರು. ಬಿ1 ಮುಗಿಸಿದವರು ದಿನನಿತ್ಯದ ವ್ಯವಹಾರವನ್ನು ಇನ್ನೊಬ್ಬರ ನೆರವಿಲ್ಲದೆ ನಡೆಸಬಲ್ಲರು. ಬಿ2 ತಲುಪಿದವರು ತಮ್ಮ ವೃತ್ತಿಯ ವಿಷಯದಲ್ಲಿ ಚರ್ಚೆ ಮಾಡಿ, ವರದಿ ಬರೆದು, ಫೋನಿನಲ್ಲಿ ಬಂದ ಸೂಚನೆಯನ್ನು ಅರ್ಥಮಾಡಿಕೊಳ್ಳಬಲ್ಲರು. ಜಪಾನಿ ಭಾಷೆಗೆ ಪ್ರತ್ಯೇಕ ಅಳತೆಯಿದೆ: ಜೆಎಲ್‌ಪಿಟಿ ಎಂಬ ಪರೀಕ್ಷೆಯಲ್ಲಿ ಎನ್5 ಅತ್ಯಂತ ಕೆಳಗಿನದು, ಎನ್1 ಅತ್ಯಂತ ಮೇಲಿನದು. ನಮ್ಮ ಕಡೆ ಮಕ್ಕಳು ಉತ್ಸಾಹದಿಂದ ಸೇರಿ ಎ2ಗೋ ಎನ್5ಗೋ ಬಂದು ನಿಂತುಬಿಡುವುದನ್ನು ನಾನು ಬಹಳ ನೋಡಿದ್ದೇನೆ. ಆ ಹಂತದ ಪ್ರಮಾಣಪತ್ರವನ್ನು ಬಯೊಡೇಟಾದಲ್ಲಿ ಬರೆಯಬಹುದು, ಆದರೆ ಅದನ್ನು ನೋಡಿ ಆಸ್ಪತ್ರೆಯಾಗಲಿ ಕಾರ್ಖಾನೆಯಾಗಲಿ ಜವಾಬ್ದಾರಿಯ ಕೆಲಸ ಕೊಡುವುದಿಲ್ಲ. ಆದ್ದರಿಂದ ಮಕ್ಕಳು ನಡುಮಟ್ಟವನ್ನು ದಾಟುವವರೆಗೆ ಬಿಡದೆ ಓದಬಲ್ಲ ಭಾಷೆಯನ್ನೇ ಆರಿಸಬೇಕು. ಎರಡು ಭಾಷೆಗಳಲ್ಲಿ ಎ2 ಇರುವುದಕ್ಕಿಂತ ಒಂದರಲ್ಲಿ ಬಿ2 ಇರುವುದು ಎಷ್ಟೋ ಮೇಲು.

ಮಗಳ ವಿಷಯಕ್ಕೆ ಬರೋಣ. ಬೇರೆ ದೇಶದಲ್ಲಿ ನರ್ಸಿಂಗ್ ಓದಿದವರು ಜರ್ಮನಿಯಲ್ಲಿ ಪೂರ್ಣ ಪ್ರಮಾಣದ ನರ್ಸ್ ಆಗಿ ಕೆಲಸ ಮಾಡಬೇಕಾದರೆ ಅವರ ಪದವಿಗೆ ಅಲ್ಲಿನ ರಾಜ್ಯ ಸರ್ಕಾರದ ಮಾನ್ಯತೆ ಬೇಕು. ಪಠ್ಯಕ್ರಮದಲ್ಲಿ ವ್ಯತ್ಯಾಸವಿದ್ದರೆ ಕೆಲವು ತಿಂಗಳ ಪೂರಕ ತರಬೇತಿಯನ್ನೋ ಜ್ಞಾನ ಪರೀಕ್ಷೆಯನ್ನೋ ಮುಗಿಸಬೇಕಾಗುತ್ತದೆ. ಮಾನ್ಯತೆ ಕೈಗೆ ಸಿಗುವ ಹೊತ್ತಿಗೆ ಭಾಷೆ ಸಾಮಾನ್ಯವಾಗಿ ಬಿ2 ಮಟ್ಟದಲ್ಲಿರಬೇಕು. ಬಿ1 ಮುಗಿಸಿ ಅಲ್ಲಿಗೆ ಹೋಗಿ, ಸಹಾಯಕಿಯಾಗಿ ದುಡಿಯುತ್ತ ಬಿ2 ಮುಗಿಸುವ ದಾರಿಯೂ ಇದೆ. ಆದರೆ ಪಾಳಿ ಕೆಲಸದ ಆಯಾಸದಲ್ಲಿ, ಪರಿಚಯವೇ ಇಲ್ಲದ ಊರಿನಲ್ಲಿ ಓದುವುದಕ್ಕಿಂತ ಇಲ್ಲಿಯೇ ಬಿ2 ಮುಗಿಸಿ ಹೊರಡುವುದು ಹೆಣ್ಣುಮಗಳಿಗೂ ಹೆತ್ತವರಿಗೂ ನೆಮ್ಮದಿಯ ದಾರಿ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಎಷ್ಟು ಸಮಯ ಬೇಕು? ಜರ್ಮನ್ ಭಾಷೆಯ ಅಧಿಕೃತ ಬೋಧನೆಗೆ ಹೆಸರಾದ ಗಯಟೆ ಸಂಸ್ಥೆ (ಭಾರತದಲ್ಲಿ ಅದನ್ನು ಮ್ಯಾಕ್ಸ್ ಮುಲ್ಲರ್ ಭವನ ಎನ್ನುತ್ತಾರೆ) ಬಿ2 ತಲುಪಲು ಆರಂಭದಿಂದ ಸುಮಾರು 600ರಿಂದ 800 ಪಾಠದ ಅವಧಿಗಳು ಬೇಕೆಂದು ಅಂದಾಜಿಸುತ್ತದೆ. ಒಂದು ಅವಧಿ ಎಂದರೆ 45 ನಿಮಿಷ. ನಡುವಿನ ಲೆಕ್ಕ ಹಿಡಿದರೆ 700 ಅವಧಿ, ಅಂದರೆ 525 ಗಂಟೆ. ವಾರಕ್ಕೆ ಐದು ದಿನ, ದಿನಕ್ಕೆ ಒಂದು ಗಂಟೆ ಪಾಠವಾದರೆ ಎರಡು ವರ್ಷ ಹಿಡಿಯುತ್ತದೆ, ಅದೂ ರಜೆಯಿಲ್ಲದೆ. ಮನೆಯ ಓದು ಇದರ ಹೊರಗೆ. ನಿಮ್ಮ ಮಗಳ ಕೋರ್ಸ್ ನಾಲ್ಕು ವರ್ಷದ್ದು, ಈಗ ಎರಡನೇ ವರ್ಷ ನಡೆಯುತ್ತಿದೆ. ಇಂದೇ ಆರಂಭಿಸಿದರೆ ಪದವಿ ಮುಗಿಯುವ ಹೊತ್ತಿಗೆ ಬಿ1 ಖಂಡಿತವಾಗಿ ಕೈಯಲ್ಲಿರುತ್ತದೆ, ಬಿ2 ಸಮೀಪಿಸಿರುತ್ತದೆ. ಆಸ್ಪತ್ರೆಯ ಡ್ಯೂಟಿ ಮತ್ತು ಪರೀಕ್ಷೆಗಳ ತಿಂಗಳುಗಳಲ್ಲಿ ಪಾಠ ನಿಲ್ಲುತ್ತದೆಂದು ಮೊದಲೇ ಎಣಿಸಿ, ಪದವಿಯ ನಂತರ ಆರು ತಿಂಗಳನ್ನು ಭಾಷೆಗೇ ಮೀಸಲಿಡುವುದು ಕ್ಷೇಮ. ಕೋರ್ಸ್ ಮುಗಿದ ಮೇಲೆ ನೋಡೋಣ ಎಂದರೆ ಎರಡು ವರ್ಷ ಸುಮ್ಮನೆ ಹೋಗುತ್ತದೆ. ನರ್ಸಿಂಗ್ ವಿದ್ಯಾರ್ಥಿಗಳ ಮಟ್ಟಿಗೆ ಕಾಲೇಜಿನ ನಡುವರ್ಷಗಳೇ ಭಾಷೆಗೆ ಸರಿಯಾದ ಸಮಯ.

ಮಗಳಿಗೆ ಜಪಾನಿ ಏಕೆ ಬೇಡ ಎಂಬುದನ್ನೂ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ಮೋಸಹೋಗುವವರು ಹೆಚ್ಚು. ವಿದೇಶದಲ್ಲಿ ಓದಿದವರು ಜಪಾನಿನಲ್ಲಿ ನೋಂದಾಯಿತ ನರ್ಸ್ ಆಗಬೇಕಾದರೆ ಅಲ್ಲಿನ ರಾಷ್ಟ್ರೀಯ ಪರೀಕ್ಷೆಯನ್ನು ಜಪಾನಿ ಭಾಷೆಯಲ್ಲಿ ಬರೆಯಬೇಕು. ಆ ಪರೀಕ್ಷೆಗೆ ಕೂರಲು ಅರ್ಹತೆ ಕೇಳುವಾಗ ಸಾಮಾನ್ಯವಾಗಿ ಎನ್1 ಇರಬೇಕೆನ್ನುತ್ತಾರೆ. ಹಾಗಾದರೆ ಎನ್4 ಸಾಕು ಎಂದು ಏಜೆಂಟರು ಹೇಳುವುದು ಸುಳ್ಳೇ? ಪೂರ್ತಿ ಸುಳ್ಳಲ್ಲ, ಆದರೆ ಅವರು ಹೇಳುವ ಕೆಲಸ ಬೇರೆ. ವೃದ್ಧಾಶ್ರಮಗಳಲ್ಲಿ ಹಿರಿಯರಿಗೆ ಸ್ನಾನ ಮಾಡಿಸುವ, ಊಟ ಮಾಡಿಸುವ, ನಡೆಸಿಕೊಂಡು ಹೋಗುವ ಆರೈಕೆ ಕೆಲಸಕ್ಕೆ ಎನ್4 ಮಟ್ಟದ ಜಪಾನಿ, ಅದರ ಜೊತೆಗೆ ಆರೈಕೆ ಕ್ಷೇತ್ರದ ಭಾಷಾ ಪರೀಕ್ಷೆ ಮತ್ತು ಕೌಶಲ ಪರೀಕ್ಷೆ ಸಾಕು. ಅದು ಗೌರವದ ಕೆಲಸವೇ. ಆದರೆ ನಾಲ್ಕು ವರ್ಷ ಬಿ.ಎಸ್‌ಸಿ. ನರ್ಸಿಂಗ್ ಓದಿದ ಹುಡುಗಿ ತನ್ನ ಪದವಿಯನ್ನು ಪಕ್ಕಕ್ಕಿಟ್ಟು ಆ ಕೆಲಸಕ್ಕೆ ಹೋಗುತ್ತಿದ್ದೇನೆಂಬುದನ್ನು ತಿಳಿದು ಹೋಗಬೇಕು; ವಿಮಾನದಿಂದ ಇಳಿದ ಮೇಲೆ ತಿಳಿಯಬಾರದು.

ಕೊಲ್ಲಿ ರಾಷ್ಟ್ರಗಳ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೂ ನರ್ಸಿಂಗ್ ಎಂದೊಡನೆ ಅದು ಬರುವುದರಿಂದ ಒಂದು ಮಾತು: ಅಲ್ಲಿನ ವೃತ್ತಿ ಪರವಾನಗಿಯ ಪರೀಕ್ಷೆಗಳು ಇಂಗ್ಲಿಷಿನಲ್ಲಿವೆ, ಆಸ್ಪತ್ರೆಯ ದಾಖಲೆಗಳೂ ಬಹುತೇಕ ಇಂಗ್ಲಿಷಿನಲ್ಲೇ ಇರುತ್ತವೆ. ಅರಬ್ಬಿ ತಿಳಿದಿದ್ದರೆ ರೋಗಿಯೊಡನೆ ಮಾತಾಡಲು ಅನುಕೂಲ, ಆದರೆ ಕೆಲಸ ಸಿಗಲು ಅದು ಷರತ್ತಲ್ಲ.

ಇನ್ನು ನಿಮ್ಮ ಮಗ ತೋರಿಸಿದ ಪಟ್ಟಿ. ಅದು ಬಹುಶಃ ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆಯ ಅನುಭವದ ಮೇಲೆ ಮಾಡಿದ ಪಟ್ಟಿ. ಅದರಲ್ಲಿ ಜಪಾನಿ, ಚೀನಿ, ಕೊರಿಯನ್, ಅರಬ್ಬಿ ಭಾಷೆಗಳಿಗೆ 88 ವಾರ, ಸುಮಾರು 2,200 ತರಗತಿ ಗಂಟೆ ಎಂದಿದೆ. ಫ್ರೆಂಚ್, ಸ್ಪ್ಯಾನಿಷ್‌ಗಳಿಗೆ ಅದರ ಮೂರನೇ ಒಂದು ಭಾಗದಷ್ಟು. ಅಂಕಿಗಳನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಅವು ಇಂಗ್ಲಿಷ್ ಮನೆಮಾತಿನವರಿಗಾಗಿ ಮಾಡಿದವು. ಅದೇ ಪಟ್ಟಿಯಲ್ಲಿ ತಮಿಳಿಗೂ ತೆಲುಗಿಗೂ 44 ವಾರ, 1,100 ಗಂಟೆ ಎಂದು ಬರೆದಿದೆ, ಅಂದರೆ ಜರ್ಮನ್‌ಗಿಂತ ಹೆಚ್ಚು ಕಷ್ಟ. ಭದ್ರಾವತಿಯ ಕಾರ್ಖಾನೆ ಕಾಲೊನಿಗಳಲ್ಲಿ ಬೆಳೆದ ಕನ್ನಡದ ಮಕ್ಕಳು ತಮಿಳನ್ನೋ ತೆಲುಗನ್ನೋ ಬೀದಿಯಲ್ಲಿ ಆಡುತ್ತಲೇ ಕಲಿತುಬಿಡುತ್ತಾರೆ. ಆ ಮಕ್ಕಳಿಗೆ ಈ ಪಟ್ಟಿಯನ್ನು ತೋರಿಸಿದರೆ ನಗುತ್ತಾರೆ. ತಮಿಳಿನ ಸಾಲಿನಲ್ಲಿ ನಮಗೆ ಅನ್ವಯಿಸದ ಲೆಕ್ಕ ಜಪಾನಿಯ ಸಾಲಿನಲ್ಲಿ ಮಾತ್ರ ಹಾಗೆಯೇ ಅನ್ವಯಿಸುತ್ತದೆ ಎನ್ನಲು ಕಾರಣವಿಲ್ಲ.

ಜಪಾನಿಗೂ ಕನ್ನಡಕ್ಕೂ ವಂಶದ ನಂಟಿದೆ ಎಂದು ನಾನು ಹೇಳುತ್ತಿಲ್ಲ; ಹಾಗೆನ್ನಲು ಒಪ್ಪಿತವಾದ ಆಧಾರವಿಲ್ಲ. ಆದರೆ ವಾಕ್ಯ ಕಟ್ಟುವ ರೀತಿ ಆಶ್ಚರ್ಯವಾಗುವಷ್ಟು ಹೋಲುತ್ತದೆ. ಎರಡರಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ. ಎರಡರಲ್ಲೂ ವಿಭಕ್ತಿಯ ಕೆಲಸ ಮಾಡುವ ಅಂಶ ಪದದ ಹಿಂದೆ ಸೇರುತ್ತದೆ. ‘ನಿನ್ನೆ ಅಂಗಡಿಯಲ್ಲಿ ಕೊಂಡ ಪುಸ್ತಕ’ ಎಂಬಲ್ಲಿ ನಾವು ವಿವರಣೆಯನ್ನೆಲ್ಲ ಮೊದಲು ಹೇಳಿ ಕೊನೆಗೆ ಪುಸ್ತಕ ಎನ್ನುತ್ತೇವಲ್ಲ, ಜಪಾನಿಯಲ್ಲೂ ಅದೇ ಕ್ರಮ. ‘ಬಂದು, ಕೂತು, ಊಟ ಮಾಡಿ ಹೋದರು’ ಎಂದು ಕ್ರಿಯೆಗಳನ್ನು ಒಂದರ ಹಿಂದೊಂದು ಪೋಣಿಸುವ ನಮ್ಮ ಅಭ್ಯಾಸಕ್ಕೆ ಜಪಾನಿಯಲ್ಲಿ ನೇರ ಸಮಾನವಾದ ರೂಪವಿದೆ. ‘ತಿಂದು ನೋಡು’ ಎಂಬಲ್ಲಿನ ‘ನೋಡು’ ಕಣ್ಣಿಗೆ ಸಂಬಂಧಿಸಿದ್ದಲ್ಲ ಎಂದು ಇಂಗ್ಲಿಷಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಜಪಾನಿನವರು ‘ತಬೆತೆ ಮಿರು’ ಎನ್ನುವಾಗ ತಿನ್ನು, ನೋಡು ಎಂಬ ಅದೇ ಎರಡು ಕ್ರಿಯೆಗಳನ್ನು ಅದೇ ಕ್ರಮದಲ್ಲಿ ಜೋಡಿಸಿ ಅದೇ ಅರ್ಥವನ್ನು ಪಡೆಯುತ್ತಾರೆ. ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ವಿವರಿಸುವ ಇಂಥ ಪಾಠಗಳನ್ನು ಕನ್ನಡದ ವಿದ್ಯಾರ್ಥಿ ಒಂದು ಉದಾಹರಣೆಯಲ್ಲಿ ಹಿಡಿದುಕೊಳ್ಳುತ್ತಾನೆ, ಆದರೆ ಒಂದು ಷರತ್ತು: ಅವನು ಜಪಾನಿ ವಾಕ್ಯವನ್ನು ಮೊದಲು ಇಂಗ್ಲಿಷಿಗೆ ತಿರುಗಿಸಿಕೊಂಡು ಆಮೇಲೆ ಅರ್ಥಮಾಡಿಕೊಳ್ಳುವ ಚಟಕ್ಕೆ ಬೀಳಬಾರದು. ವ್ಯಾಕರಣದ ಟಿಪ್ಪಣಿಗಳನ್ನು ಕನ್ನಡದಲ್ಲೇ ಬರೆದುಕೊಳ್ಳಲಿ.

ಉಚ್ಚಾರಣೆಯೂ ನಮಗೆ ಅನುಕೂಲಕರ. ಹ್ರಸ್ವ ದೀರ್ಘಗಳ ಭೇದ, ಒತ್ತಕ್ಷರದ ಭೇದ ಜಪಾನಿಯಲ್ಲಿ ಅರ್ಥವನ್ನೇ ಬದಲಿಸುತ್ತವೆ. ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ಬೇರೆಯವರು ತಿಂಗಳುಗಟ್ಟಲೆ ಕಿವಿ ಪಳಗಿಸಬೇಕಾದ ಈ ಭೇದ ಕನ್ನಡದ ಕಿವಿಗೆ ಮೊದಲೇ ಇದೆ. ಜಪಾನಿ ಅಕ್ಷರಮಾಲೆಯನ್ನು ಜೋಡಿಸಿದ ಕ್ರಮದಲ್ಲಿ ಸ್ವರಗಳು ಮೊದಲು, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ ಸಾಲುಗಳು ಬರುತ್ತವೆ. ಬೌದ್ಧ ವಿದ್ವಾಂಸರ ಮೂಲಕ ಅಲ್ಲಿಗೆ ಹೋದ ಸಂಸ್ಕೃತ ವರ್ಣಮಾಲೆಯ ಪ್ರಭಾವ ಅದರಲ್ಲಿದೆ.

ಹಾಗಾದರೆ ಜಪಾನಿ ಸುಲಭವೇ? ಮಾತು ಸುಲಭ, ಓದು ಕಷ್ಟ. ಹಿರಗಾನ, ಕತಕಾನ ಎಂಬ ಎರಡು ಲಿಪಿಗಳನ್ನು ಒಂದು ತಿಂಗಳಲ್ಲಿ ಕಲಿಯಬಹುದು. ಅವುಗಳ ಮೇಲೆ ಚೀನಾದಿಂದ ಬಂದ ಕಾಂಜಿ ಚಿಹ್ನೆಗಳಿವೆ. ಸಾಮಾನ್ಯ ಬಳಕೆಗೆಂದು ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ ಅವು 2,136. ಒಂದೊಂದಕ್ಕೆ ಎರಡು ಮೂರು ಓದುವ ರೀತಿಗಳು. ಇಲ್ಲಿ ಕನ್ನಡ ನಮ್ಮ ಸಹಾಯಕ್ಕೆ ಬರುವುದಿಲ್ಲ. ದಿನಕ್ಕೆ ಐದಾರು ಚಿಹ್ನೆಗಳನ್ನು ಕೈಯಿಂದ ಬರೆದು, ಹಳೆಯದನ್ನು ಮರಳಿ ಮರಳಿ ನೋಡುವ ತಾಳ್ಮೆಯೊಂದೇ ದಾರಿ. ಜೆಎಲ್‌ಪಿಟಿ ಪರೀಕ್ಷೆಯ ಹಳೆಯ ಮಾದರಿಯಲ್ಲಿ, ಅಂದರೆ 2010ಕ್ಕೆ ಮೊದಲು, ಈಗಿನ ಎನ್4ಕ್ಕೆ ಸಮನಾದ ಹಂತಕ್ಕೆ 300 ಕಾಂಜಿ, 1,500 ಪದ, 300 ಗಂಟೆ ಎಂದೂ, ಎನ್2ಕ್ಕೆ ಸಮನಾದ ಹಂತಕ್ಕೆ 1,000 ಕಾಂಜಿ, 6,000 ಪದ, 600 ಗಂಟೆ ಎಂದೂ ಅಂದಾಜು ಕೊಟ್ಟಿದ್ದರು. ಗಂಟೆಗಳ ಲೆಕ್ಕ ತೀರ ಉದಾರವಾದದ್ದೆಂದು ನನಗೆ ಅನಿಸುತ್ತದೆ, ಆದರೆ ಕಾಂಜಿ ಮತ್ತು ಪದಗಳ ಲೆಕ್ಕ ಇಂದಿಗೂ ಗುರಿಯಾಗಿ ಇಟ್ಟುಕೊಳ್ಳಲು ಯೋಗ್ಯ.

ಜರ್ಮನ್‌ನಲ್ಲಿ ತೊಡಕಿರುವುದು ಬೇರೆಡೆ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ: ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮೇಜು ನಪುಂಸಕ. ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಪುಸ್ತಕ ನಪುಂಸಕ; ಅದರ ಮೇಲೆ ನಾಲ್ಕು ವಿಭಕ್ತಿಗಳು. ಕಾರಣ ಹುಡುಕದೆ ಪ್ರತಿ ಪದವನ್ನೂ ಅದರ ಲಿಂಗಸೂಚಕದೊಡನೆ ಬಾಯಿಪಾಠ ಮಾಡಬೇಕು. ಹೈಸ್ಕೂಲಿನಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಓದಿದ ಮಕ್ಕಳಿಗೆ ಇದು ಹೊಸದಲ್ಲ. ಮೂರು ಲಿಂಗ, ಎಂಟು ವಿಭಕ್ತಿಗಳ ಶಬ್ದರೂಪಗಳನ್ನು ಉರು ಹೊಡೆದವರು ಜರ್ಮನ್ ಕೋಷ್ಟಕ ನೋಡಿ ಹೆದರುವುದಿಲ್ಲ. ನಿಮ್ಮ ಮಗಳು ಹಾಗೆ ಓದಿದ್ದರೆ ಅದೊಂದು ದೊಡ್ಡ ಅನುಕೂಲ. ಉಪವಾಕ್ಯಗಳಲ್ಲಿ ಜರ್ಮನ್ ಕ್ರಿಯಾಪದ ಕೊನೆಗೆ ಹೋಗುತ್ತದೆ ಎಂಬ ನಿಯಮವೂ ನಮಗೆ ವಿಚಿತ್ರವಲ್ಲ. ನಿಜವಾದ ಅಡಚಣೆ ಇನ್ನೊಂದಿದೆ: ಜರ್ಮನ್ ಪಠ್ಯಗಳು, ಬೋಧನೆ ಎರಡೂ ಆರಂಭದಲ್ಲಿ ಇಂಗ್ಲಿಷನ್ನು ಆಧರಿಸಿರುತ್ತವೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಲ ಎರಡು ತಿಂಗಳು ಒಟ್ಟಿಗೆ ಎರಡು ಭಾಷೆ ಕಲಿತಂತಾಗುತ್ತದೆ. ಅದು ದಡ್ಡತನದ ಲಕ್ಷಣವಲ್ಲ. ಎ1 ಹಂತವನ್ನು ಸಣ್ಣ ಗುಂಪಿನಲ್ಲಿ, ಕನ್ನಡ ಬಲ್ಲ ಅಧ್ಯಾಪಕರ ಬಳಿ ಮುಗಿಸಿದರೆ ಈ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಮಗನ ಮುಂದೆ ಎರಡು ದಾರಿಗಳಿವೆ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರುವುದಾದರೆ ನಾನು ಜಪಾನಿ ಎನ್ನುತ್ತೇನೆ. ಬಿಡದಿಯ ಟೊಯೊಟಾ, ನರಸಾಪುರದ ಹೋಂಡಾ ಮತ್ತು ಅವುಗಳಿಗೆ ಬಿಡಿಭಾಗ ಒದಗಿಸುವ ಕಂಪನಿಗಳಿಂದಾಗಿ ಜಪಾನಿ ಬಲ್ಲ ತಾಂತ್ರಿಕರಿಗೆ ನಮ್ಮ ರಾಜ್ಯದೊಳಗೇ ಅವಕಾಶವಿದೆ. ಬೆಂಗಳೂರಿನ ಜರ್ಮನ್ ಕಂಪನಿಗಳ ವ್ಯವಹಾರ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ನಡೆಯುತ್ತದೆ. ಜಪಾನಿ ಕಂಪನಿಗಳಲ್ಲಿ ಮಾತ್ರ ತಾಯ್ನಾಡಿನಿಂದ ಬಂದ ತಂತ್ರಜ್ಞರಿಗೂ ನಮ್ಮ ಕಾರ್ಮಿಕರಿಗೂ ನಡುವೆ ನಿಂತು ಯಂತ್ರದ ಭಾಷೆಯನ್ನೂ ಮನುಷ್ಯರ ಭಾಷೆಯನ್ನೂ ಬಲ್ಲವನು ಬೇಕಾಗುತ್ತಾನೆ. ಎನ್3 ಮುಗಿಸಿದ ಮೆಕ್ಯಾನಿಕಲ್ ಡಿಪ್ಲೊಮಾದವನು ಅಂಥ ಕಡೆ ತನ್ನ ಸಹಪಾಠಿಗಳಿಗಿಂತ ಬೇಗ ಗುರುತಿಸಲ್ಪಡುತ್ತಾನೆ. ತೋಟ ನೋಡಿಕೊಳ್ಳಲು ಮಗ ಹತ್ತಿರದಲ್ಲೇ ಇರಲಿ ಎಂಬ ಆಸೆ ನಿಮಗಿದ್ದರೆ ಈ ಅಂಶಕ್ಕೆ ತೂಕ ಕೊಡಿ.

ಜಪಾನಿಗೇ ಹೋಗುವುದಾದರೆ, ಆ ದೇಶ 2019ರ ಏಪ್ರಿಲ್‌ನಲ್ಲಿ ನಿರ್ದಿಷ್ಟ ಕೌಶಲದ ಕೆಲಸಗಾರರಿಗಾಗಿ ಹೊಸ ವೀಸಾ ವ್ಯವಸ್ಥೆ ತಂದಿತು. 2021ರ ಜನವರಿಯಲ್ಲಿ ಭಾರತದೊಡನೆ ಅದರ ಒಪ್ಪಂದವಾಯಿತು. ಅದಕ್ಕೆ ಎನ್4 ಅಥವಾ ಅದಕ್ಕೆ ಸಮನಾಗಿ ಒಪ್ಪಿಕೊಂಡಿರುವ ಜೆಎಫ್‌ಟಿ ಬೇಸಿಕ್ ಪರೀಕ್ಷೆ, ಜೊತೆಗೆ ಆಯಾ ಕ್ಷೇತ್ರದ ಕೌಶಲ ಪರೀಕ್ಷೆ ಬೇಕು. ತಯಾರಿಕಾ ಕ್ಷೇತ್ರದಲ್ಲಿ ಎರಕದ ಕೆಲಸ, ಯಂತ್ರಗಳಲ್ಲಿ ಲೋಹ ಕಡೆಯುವ ಕೆಲಸಗಳೂ ಸೇರಿವೆ. ಶಿವಮೊಗ್ಗದ ಫೌಂಡ್ರಿಗಳಲ್ಲಿ ಒಂದೆರಡು ವರ್ಷ ದುಡಿದ ಹುಡುಗನಿಗೆ ಅದು ಪರಿಚಿತ ಲೋಕ. ಆದರೆ ಎಲ್ಲ ಕ್ಷೇತ್ರಗಳ ಕೌಶಲ ಪರೀಕ್ಷೆ ಭಾರತದಲ್ಲಿ ನಡೆಯುವುದಿಲ್ಲವಾದ್ದರಿಂದ ತನ್ನ ಕ್ಷೇತ್ರದ್ದು ನಡೆಯುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಈ ವೀಸಾದ ಮೊದಲ ವರ್ಗದಲ್ಲಿ ಒಟ್ಟು ಐದು ವರ್ಷದ ಮಿತಿಯಿದೆ, ಕುಟುಂಬವನ್ನು ಕರೆದೊಯ್ಯುವಂತಿಲ್ಲ. ಎರಡನೇ ವರ್ಗಕ್ಕೆ ಏರಿದರೆ ಎರಡೂ ನಿರ್ಬಂಧಗಳು ಸಡಿಲವಾಗುತ್ತವೆ, ಆದರೆ ಅದಕ್ಕೆ ಇನ್ನೂ ಮೇಲಿನ ಕೌಶಲ ಬೇಕು.

ಮಗ ಲ್ಯಾಟರಲ್ ಎಂಟ್ರಿ ಮೂಲಕ ಬಿ.ಇ. ಎರಡನೇ ವರ್ಷಕ್ಕೆ ಸೇರಿ, ಮುಂದೆ ವಿದೇಶದಲ್ಲಿ ಸ್ನಾತಕೋತ್ತರ ಓದುವ ಯೋಚನೆಯಲ್ಲಿದ್ದರೆ ತಕ್ಕಡಿ ಜರ್ಮನ್ ಕಡೆ ವಾಲುತ್ತದೆ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳು ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ. ಆದರೆ ಬಾಡೆನ್ ವುರ್ಟೆಂಬೆರ್ಗ್ ರಾಜ್ಯ 2017ರಿಂದ ಯುರೋಪಿನ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೊ ಪಡೆಯುತ್ತಿದೆ. ಶುಲ್ಕವಿಲ್ಲ ಎಂದರೆ ಖರ್ಚಿಲ್ಲ ಎಂದಲ್ಲ: ವೀಸಾ ಪಡೆಯುವಾಗ ಒಂದು ವರ್ಷದ ಜೀವನವೆಚ್ಚವನ್ನು ಮುಂಗಡವಾಗಿ ಖಾತೆಯಲ್ಲಿ ತೋರಿಸಬೇಕು, 2024ರ ಸೆಪ್ಟೆಂಬರ್‌ನಲ್ಲಿ ಆ ಮೊತ್ತವನ್ನು 11,904 ಯೂರೊಗೆ ಏರಿಸಿದರು, ಅಂದರೆ ಹತ್ತು ಲಕ್ಷ ರೂಪಾಯಿಗೂ ಮೇಲೆ. ಭಾರತದ ವಿದ್ಯಾರ್ಥಿಗಳು ಶೈಕ್ಷಣಿಕ ದಾಖಲೆಗಳ ಪರಿಶೀಲನೆಯ ಎಪಿಎಸ್ ಪ್ರಮಾಣಪತ್ರವನ್ನೂ ಒದಗಿಸಬೇಕು. ಕೋರ್ಸ್ ಇಂಗ್ಲಿಷಿನಲ್ಲಿ ಸಿಗಬಹುದು. ಆದರೆ ಓದಿದ ಮೇಲೆ ಸಣ್ಣ ಊರಿನ ಯಂತ್ರ ತಯಾರಿಕಾ ಕಂಪನಿಯಲ್ಲಿ ಕೆಲಸ ಹುಡುಕುವಾಗ ಜರ್ಮನ್ ಇಲ್ಲದವನನ್ನು ಕೇಳುವವರು ಕಡಿಮೆ. ಡಿಪ್ಲೊಮಾ ನಂತರ ನೇರವಾಗಿ ಅಲ್ಲಿಗೆ ಹೋಗಿ ಮೂರು, ಮೂರೂವರೆ ವರ್ಷಗಳ ವೃತ್ತಿ ತರಬೇತಿಗೆ ಸೇರುವ ದಾರಿಯೂ ಇದೆ. ಅದರಲ್ಲಿ ಕಂಪನಿಯೇ ತಿಂಗಳ ಭತ್ಯೆ ಕೊಡುತ್ತದೆ, ಸಾಮಾನ್ಯವಾಗಿ ಬಿ1 ಕೇಳುತ್ತಾರೆ. ಆದರೆ ಇಲ್ಲಿ ಓದಿದ್ದನ್ನೇ ಅಲ್ಲಿ ಮತ್ತೆ ಮೊದಲಿನಿಂದ ಓದಿದಂತಾಗುತ್ತದೆಂಬುದು ಅವನಿಗೆ ಒಪ್ಪಿಗೆಯಾಗಬೇಕು.

ಫ್ರೆಂಚ್ ಬಗ್ಗೆ ನಿಮ್ಮ ನೆಂಟರು ಹೇಳಿದ್ದರಲ್ಲಿ ಅರ್ಥವಿದೆ. ಕೆನಡಾ 2023ರಿಂದ ಖಾಯಂ ವಾಸದ ಆಯ್ಕೆಯಲ್ಲಿ ಫ್ರೆಂಚ್ ಬಲ್ಲವರಿಗೆ ಪ್ರತ್ಯೇಕ ಸುತ್ತುಗಳನ್ನು ನಡೆಸುತ್ತಿದೆ. ಆದರೆ ಅಲ್ಲಿ ಕೇಳುವ ಮಟ್ಟ ಓದು, ಬರಹ, ಮಾತು, ಆಲಿಸುವಿಕೆ ನಾಲ್ಕರಲ್ಲೂ ಸರಿಸುಮಾರು ಬಿ2; ಇಂಗ್ಲಿಷ್ ಕೂಡ ಬಂದರೆ ಅಂಕ ಹೆಚ್ಚು, ವಲಸೆ ನೀತಿಯೂ ಆಗಾಗ ಬದಲಾಗುತ್ತದೆ. ಕೆನಡಾಕ್ಕೇ ಹೋಗಬೇಕೆಂಬ ನಿರ್ಧಾರವಿದ್ದರೆ ಮಾತ್ರ ನಿಮ್ಮ ಮಕ್ಕಳಿಗೆ ಇದು ಸರಿ. ಸ್ಪ್ಯಾನಿಷ್ ಸುಮಾರು 20 ದೇಶಗಳ ಆಡಳಿತ ಭಾಷೆ, ಕಲಿಯಲೂ ಸರಳ. ಆದರೆ ನರ್ಸಿಂಗ್ ಮತ್ತು ಮೆಕ್ಯಾನಿಕಲ್ ಓದಿದ ನಮ್ಮ ಕಡೆಯ ಮಕ್ಕಳಿಗೆ ಅದರಿಂದ ನೇರವಾದ ಅನುಕೂಲ ಕಾಣುವುದಿಲ್ಲ. ಕೊರಿಯನ್ ವಾಕ್ಯರಚನೆ ಜಪಾನಿಯಂತೆಯೇ ನಮಗೆ ಹತ್ತಿರ, ಅದರ ಲಿಪಿಯನ್ನು ಒಂದು ವಾರದಲ್ಲಿ ಕಲಿಯಬಹುದು. ಧಾರಾವಾಹಿಗಳ ಮೋಹದಿಂದ ಈಗಾಗಲೇ ಅದನ್ನು ಅರ್ಧ ಕಲಿತಿರುವ ಮಕ್ಕಳನ್ನು ಬೈದು ಬಿಡಿಸಬೇಡಿ, ಆಸಕ್ತಿ ಇದ್ದಲ್ಲಿ ಓದು ಸಾಗುತ್ತದೆ.

ಇಬ್ಬರೂ ಒಂದೇ ಭಾಷೆ ಕಲಿಯುವ ನಿಮ್ಮ ಯೋಚನೆಯಲ್ಲಿ ಲಾಭವಿದೆಯೇ? ಎ1, ಎ2 ಹಂತಗಳಲ್ಲಿ ಇದೆ. ಒಬ್ಬರು ಪ್ರಶ್ನೆ ಕೇಳಿ ಇನ್ನೊಬ್ಬರು ಉತ್ತರಿಸುವುದು ಒಳ್ಳೆಯ ಅಭ್ಯಾಸ, ಪುಸ್ತಕದ ಖರ್ಚೂ ಉಳಿಯುತ್ತದೆ. ಬಿ1 ದಾಟಿದ ಮೇಲೆ ಅದು ಉಪಯೋಗಕ್ಕಿಂತ ತೊಂದರೆಯೇ ಹೆಚ್ಚು, ಏಕೆಂದರೆ ಒಬ್ಬರ ತಪ್ಪು ಇನ್ನೊಬ್ಬರ ಬಾಯಲ್ಲಿ ಗಟ್ಟಿಯಾಗುತ್ತದೆ. ಮಗ ಬಿ.ಇ. ಕಡೆ ಹೋಗುವುದಾದರೆ ಇಬ್ಬರೂ ಜರ್ಮನ್ ಆರಂಭಿಸಲಿ. ಇಲ್ಲವಾದರೆ ಜೊತೆ ಸಿಗುತ್ತದೆಂಬ ಒಂದೇ ಕಾರಣಕ್ಕೆ ಅವನ ದಾರಿಯನ್ನು ತಿರುಗಿಸಬೇಡಿ.

ಮೂರು ತಿಂಗಳಲ್ಲಿ ಕಲಿಸುವ ಸಂಸ್ಥೆಯ ಬಗ್ಗೆ: ಮೇಲಿನ ಗಂಟೆಗಳ ಲೆಕ್ಕವನ್ನು ಅವರ ಮುಂದಿಟ್ಟು ಮೂರು ತಿಂಗಳಲ್ಲಿ ಯಾವ ಹಂತ ಮುಗಿಯುತ್ತದೆ, ಯಾವ ಪರೀಕ್ಷೆ ಬರೆಯಿಸುತ್ತೀರಿ ಎಂದು ಕೇಳಿ. ದಿನಕ್ಕೆ ಎರಡು ಗಂಟೆ ಪಾಠವಾದರೂ ಅಷ್ಟರಲ್ಲಿ ಎ1 ಮುಗಿದು ಎ2 ನಡೆಯುತ್ತಿರುತ್ತದೆ. ಸಂಸ್ಥೆ ತಾನೇ ಮುದ್ರಿಸಿ ಕೊಡುವ ಪ್ರಮಾಣಪತ್ರಕ್ಕೆ ವೀಸಾ ಕಚೇರಿಯಲ್ಲಿ ಬೆಲೆಯಿಲ್ಲ. ಜರ್ಮನ್‌ಗೆ ಗಯಟೆ, ಟೆಲ್ಕ್, ಓಎಸ್‌ಡಿ ಮುಂತಾದ ಮಾನ್ಯ ಪರೀಕ್ಷೆಗಳೇ ಬೇಕು. ಗಯಟೆಯ ಬಿ1, ಬಿ2 ಪರೀಕ್ಷೆಗಳಲ್ಲಿ ಓದು, ಬರಹ, ಆಲಿಸುವಿಕೆ, ಮಾತು ನಾಲ್ಕು ಬಿಡಿ ಭಾಗಗಳು. ಪ್ರತಿಯೊಂದರಲ್ಲೂ ಶೇಕಡಾ 60 ಅಂಕ ಬೇಕು, ಸೋತ ಭಾಗವನ್ನಷ್ಟೇ ಮತ್ತೆ ಬರೆಯಬಹುದು. ಜಪಾನಿಯ ಜೆಎಲ್‌ಪಿಟಿಯಲ್ಲಿ ಮಾತಿನ ಪರೀಕ್ಷೆಯೂ ಇಲ್ಲ, ಬರಹದ ಪರೀಕ್ಷೆಯೂ ಇಲ್ಲ, ಸರಿಯುತ್ತರ ಗುರುತಿಸುವುದಷ್ಟೇ. ಹಾಗಾಗಿ ಎನ್3 ಪಾಸಾಗಿಯೂ ನಾಲ್ಕು ಮಾತು ಆಡಲಾರದವರಿದ್ದಾರೆ. ಮಗನನ್ನು ಸೇರಿಸುವ ತರಗತಿಯಲ್ಲಿ ವಾರಕ್ಕೆ ಒಮ್ಮೆಯಾದರೂ ಮಾತಿನ ಅಭ್ಯಾಸವಿದೆಯೇ ಎಂದು ವಿಚಾರಿಸಿ.

ಜೆಎಲ್‌ಪಿಟಿ ಜುಲೈ ಮತ್ತು ಡಿಸೆಂಬರ್ ತಿಂಗಳ ಮೊದಲ ಭಾನುವಾರ ನಡೆಯುತ್ತದೆ. ಬೆಂಗಳೂರು ಒಂದು ಕೇಂದ್ರ. ನೋಂದಣಿ ತಿಂಗಳುಗಳ ಮೊದಲೇ ಮುಗಿಯುವುದರಿಂದ ದಿನಾಂಕ ನೋಡಿಕೊಂಡಿರಬೇಕು. ಡಿಸೆಂಬರ್ ಎಂದರೆ ಅಡಿಕೆ ಕೊಯ್ಲಿನ ನಡುಗಾಲ, ಮನೆಯಲ್ಲಿ ಪ್ರತಿ ಕೈಯೂ ಬೇಕಾದ ಸಮಯ; ಸಾಧ್ಯವಾದರೆ ಮಗನ ಮೊದಲ ಪರೀಕ್ಷೆ ಜುಲೈನದ್ದಾಗಿರಲಿ. ತಾಳಗುಪ್ಪದ ರಾತ್ರಿ ರೈಲನ್ನು ಅರಸಾಳಿನಲ್ಲೋ ಆನಂದಪುರದಲ್ಲೋ ಹಿಡಿಯುವ ಯೋಚನೆಯಿದ್ದರೆ ಪರೀಕ್ಷೆಯ ಹಿಂದಿನ ರಾತ್ರಿಯಲ್ಲ, ಒಂದು ದಿನ ಮೊದಲೇ ಹೊರಡಲಿ. ಆ ತಿಂಗಳ ಮಳೆಯಲ್ಲಿ ಮರ ಬಿದ್ದು ದಾರಿ ಕಟ್ಟುವುದು ನಿಮಗೆ ನಾನು ಹೇಳಬೇಕಾದ ವಿಷಯವಲ್ಲ. ಆನ್‌ಲೈನ್ ತರಗತಿಗೆ ಸೇರುವುದಾದರೆ ಪಾಠದ ಧ್ವನಿಮುದ್ರಣ ಇಳಿಸಿಕೊಳ್ಳಲು ಸಿಗುತ್ತದೆಯೇ ಎಂದು ಕೇಳಿ, ಕರೆಂಟೂ ನೆಟ್‌ವರ್ಕೂ ಹೋದ ವಾರಗಳಲ್ಲಿ ಅದೇ ಆಧಾರ.

ಭಾಷೆ ಕಲಿಸುವವರೂ ಕೆಲಸ ಕೊಡಿಸುವವರೂ ಒಬ್ಬರೇ ಆಗಿದ್ದರೆ ಎರಡು ವ್ಯವಹಾರಗಳನ್ನು ಬೇರೆ ಬೇರೆಯಾಗಿಯೇ ನೋಡಿ. ವಿದೇಶಿ ಕೆಲಸಕ್ಕೆ ಜನ ಕಳಿಸುವ ಏಜೆನ್ಸಿ 1983ರ ವಲಸೆ ಕಾಯ್ದೆಯಡಿ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿಯಾಗಿರಬೇಕು; ಇ-ಮೈಗ್ರೇಟ್ ಜಾಲತಾಣದಲ್ಲಿ ಅದರ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ನೀವೇ ಹುಡುಕಿ ನೋಡಬಹುದು. ಮಗಳು ಬಿ1ರ ನಾಲ್ಕೂ ಭಾಗಗಳನ್ನು ಪಾಸು ಮಾಡುವವರೆಗೆ, ಮಗ ಎನ್4 ಮುಗಿಸುವವರೆಗೆ ಯಾವ ಏಜೆನ್ಸಿಗೂ ಮುಂಗಡ ಕೊಡಬೇಡಿ, ಮೂಲ ಅಂಕಪಟ್ಟಿಗಳನ್ನೂ ಪಾಸ್‌ಪೋರ್ಟನ್ನೂ ಅವರ ಕೈಗೆ ಒಪ್ಪಿಸಬೇಡಿ. ಸದ್ಯಕ್ಕೆ ಖರ್ಚು ಮಾಡಬೇಕಾದದ್ದು ಮಗಳ ಎ1 ತರಗತಿಗೆ ಮಾತ್ರ. ಮಗ ಡಿಪ್ಲೊಮಾದ ಕೊನೆಯ ಪರೀಕ್ಷೆ ಬರೆದು, ಬಿ.ಇ. ಸೇರುವುದೋ ಬಿಡುವುದೋ ಎಂದು ತೀರ್ಮಾನಿಸಿದ ಮೇಲೆ ಅವನ ಶುಲ್ಕ ಕಟ್ಟಿದರೆ ಸಾಕು. ಅಲ್ಲಿಯವರೆಗೆ ಅವನು ಹಿರಗಾನ, ಕತಕಾನ ಲಿಪಿಗಳನ್ನು ಮನೆಯಲ್ಲೇ ಬರೆದು ಕಲಿಯಲಿ, ಅದಕ್ಕೆ ತರಗತಿ ಬೇಕಿಲ್ಲ.